ಸ್ಟ್ರಿಂಗ್ ಬದಲಿಸುವ ಮುಂಚೆ ಫ್ರೆಟ್ ನೋಡಿ

ಗಿಟಾರ್ ನುಡಿಸುವಾಗ ಬೆರಳು ನೋಯುತ್ತಿದೆ. ಸ್ವರ ಝಿರ್ರ್ ಅನ್ನುತ್ತಿದೆ. ಬೆಂಡ್ ಮಾಡಿದರೆ, ಅಂದರೆ ಸ್ಟ್ರಿಂಗ್ ಅನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸಿದರೆ, ಅರ್ಧದಲ್ಲೇ ಸದ್ದು ಸತ್ತುಹೋಗುತ್ತಿದೆ. ಈ ಮೂರಕ್ಕೂ ಹೆಚ್ಚಿನವರು ಮಾಡುವ ಔಷಧಿ ಒಂದೇ: ಹೊಸ ಸ್ಟ್ರಿಂಗ್ ಸೆಟ್, ಅದೂ ಈಗಿರುವುದಕ್ಕಿಂತ ಒಂದು ನಂಬರ್ ತೆಳ್ಳಗಿನದು. ಕೆಲವರಿಗೆ ವಾಸಿಯಾಗುತ್ತದೆ. ಇನ್ನು ಕೆಲವರಿಗೆ ಝಿರ್ರ್ ಮೊದಲಿಗಿಂತ ಜೋರಾಗುತ್ತದೆ. ಆಗ ಬೈಗುಳವೆಲ್ಲ ಸ್ಟ್ರಿಂಗ್‌ಗೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ.

ನಾನು ಮೈಸೂರಿನಲ್ಲಿ ಗಿಟಾರ್ ಪಾಠ ಹೇಳಿಕೊಡುತ್ತೇನೆ. ಪಾಠಕ್ಕೆ ಬರುವವರ ಗಿಟಾರ್ ಸೆಟಪ್ ಕೂಡ ನಾನೇ ಮಾಡುವುದು, ಮನೆಯ ಊಟದ ಟೇಬಲ್ ಮೇಲೆ ಹಳೇ ಬೆಡ್‌ಶೀಟ್ ಹಾಸಿಕೊಂಡು. ನನ್ನ ಕ್ರಮ ಇಷ್ಟೇ: ಮೊದಲು ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ), ಆಮೇಲೆ ನಟ್ (ನೆಕ್ ತುದಿಯಲ್ಲಿ ಸ್ಟ್ರಿಂಗ್ ಕೂರುವ ಕಂಡಿಗಳಿರುವ ಪಟ್ಟಿ), ಆಮೇಲೆ ನೆಕ್ (ಕೈಯಲ್ಲಿ ಹಿಡಿಯುವ ಉದ್ದ ಮರ) ಬಾಗು. ಇವು ಮೂರನ್ನೂ ನೋಡಿದ ಮೇಲೆಯೇ ಸ್ಟ್ರಿಂಗ್ ಗೇಜ್, ಅಂದರೆ ದಪ್ಪದ, ಮಾತು. ಬೇಕಾಗುವ ಸಾಮಾನು ಕಡಿಮೆ. ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲು, ಒಂದು ಕ್ಯಾಪೋ (ಸ್ಟ್ರಿಂಗ್ ಒತ್ತಿ ಹಿಡಿಯಲು ನೆಕ್ ಮೇಲೆ ಕಚ್ಚಿಸುವ ಕ್ಲಿಪ್), ಅವಧಿ ಮುಗಿದ ಎಟಿಎಂ ಕಾರ್ಡು, ಎರಡು ಎ4 ಹಾಳೆ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸರಿಮಾಡಲು ಬಳಸುವ ಫೀಲರ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಫ್ರೆಟ್ ಎಲ್ಲಿ ಸವೆಯುತ್ತದೆ

ಸಾಮಾನ್ಯ ಗಿಟಾರ್‌ಗಳ ಫ್ರೆಟ್ ತಾಮ್ರ, ಸತು ಮತ್ತು ನಿಕಲ್ ಸೇರಿದ ಮಿಶ್ರಲೋಹದ್ದು. ಅದನ್ನು ನಿಕಲ್ ಸಿಲ್ವರ್ ಅನ್ನುತ್ತಾರೆ. ನಿಕಲ್ ಪಾಲು ಸಾಮಾನ್ಯವಾಗಿ 18 ಪರ್ಸೆಂಟ್. ಮೇಲೆ ಉಜ್ಜುವ ಸ್ಟ್ರಿಂಗ್ ಸ್ಟೀಲ್. ಸ್ಟೀಲ್ ಗಟ್ಟಿ, ಫ್ರೆಟ್ ಅದಕ್ಕಿಂತ ಮೆತ್ತಗೆ. ದಿನಾ ಒತ್ತಿ ಒತ್ತಿ ಸವೆಯುವುದು ಫ್ರೆಟ್ಟೇ. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಇದ್ದರೆ ಬಹಳ ವರ್ಷದವರೆಗೆ ಈ ತಲೆನೋವು ಬರುವುದಿಲ್ಲ. ಆದರೆ ಅಂಥ ಗಿಟಾರ್‌ಗೆ ದುಡ್ಡು ಜಾಸ್ತಿ, ಅದರ ಕೆಲಸ ಮಾಡುವವರ ಫೈಲುಗಳೂ ಬೇಗ ಹಾಳಾಗುತ್ತವೆ. ಅದಕ್ಕೇ ಕೂಲಿಯೂ ಜಾಸ್ತಿ ಕೇಳುತ್ತಾರೆ.

ಸವೆತ ಎಲ್ಲ ಕಡೆ ಒಂದೇ ಥರ ಆಗುವುದಿಲ್ಲ. ಹೊಸಬರು ಹಿಡಿಯುವ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಮ್ಮೆ ಯೋಚಿಸಿ. ಸಿ ಮೇಜರ್ ಮತ್ತು ಎ ಮೈನರ್, ಎರಡರಲ್ಲೂ ಬಿ ಸ್ಟ್ರಿಂಗ್ (ತೆಳ್ಳಗಿನ ಕಡೆಯಿಂದ ಎರಡನೆಯದು) ಮೊದಲ ಫ್ರೆಟ್‌ನಲ್ಲಿ. ಡಿ ಮೇಜರ್‌ನಲ್ಲಿ ಅದೇ ಬಿ ಸ್ಟ್ರಿಂಗ್ ಮೂರನೇ ಫ್ರೆಟ್‌ನಲ್ಲಿ. ಹಾಗಾಗಿ ಪಾಠದ ಗಿಟಾರ್ ಯಾವುದೇ ಬರಲಿ, ನಾನು ಮೊದಲು ನೋಡುವುದು ಈ ಎರಡು ಜಾಗ. ಮೊದಲ ತಗ್ಗು ಅಲ್ಲೇ ಬಿದ್ದಿರುತ್ತದೆ. ದಪ್ಪ ಸ್ಟ್ರಿಂಗ್‌ಗಳ ಕೆಳಗೆ ಸವೆತ ಬೇರೆ ರೀತಿ. ಅವುಗಳ ಸುತ್ತು ಸಣ್ಣ ಅರದ ಥರ ಉಜ್ಜುತ್ತದೆ, ಆದರೆ ಭಾರ ಅಗಲವಾದ ಜಾಗದ ಮೇಲೆ ಹಂಚಿಹೋಗುತ್ತದೆ. ತೆಳ್ಳಗಿನ ಸ್ಟ್ರಿಂಗ್ ಒಂದೇ ಗೆರೆಯಲ್ಲಿ ಕುಯ್ಯುತ್ತದೆ.

ಲೀಡ್, ಅಂದರೆ ಒಂಟಿ ಸ್ವರಗಳ ರಾಗ, ನುಡಿಸುವವರದ್ದು ಇನ್ನೊಂದು ಬಗೆ. ಅವರು ಸ್ಟ್ರಿಂಗ್ ಅನ್ನು ಅಡ್ಡಡ್ಡ ಎಳೆಯುತ್ತಾರೆ. ತಗ್ಗು ಬೀಳುವುದಿಲ್ಲ, ಫ್ರೆಟ್‌ನ ಗುಂಡು ತಲೆಯೇ ಚಪ್ಪಟೆಯಾಗುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಫಳಫಳ ಹೊಳೆಯುತ್ತದೆ. ಆದರೆ ಶ್ರುತಿ ಕೆಡುವುದು ಅಲ್ಲಿಂದ. ಫ್ರೆಟ್ ಗುಂಡಗಿದ್ದಾಗ ಸ್ಟ್ರಿಂಗ್ ಅದರ ನಡುವಿನಿಂದ ಹೊರಡುತ್ತದೆ. ಚಪ್ಪಟೆಯಾದಾಗ ಬ್ರಿಡ್ಜ್ (ಬಾಡಿ ಮೇಲೆ ಸ್ಟ್ರಿಂಗ್ ಕೂರುವ ಭಾಗ) ಕಡೆಯ ಅಂಚಿನಿಂದ ಹೊರಡುತ್ತದೆ. ಅಂದರೆ ಕಂಪಿಸುವ ಉದ್ದ ಚೂರು ಕಡಿಮೆಯಾಯಿತು, ಸ್ವರ ಏರಿತು. 648 ಮಿ.ಮೀ. ಸ್ಕೇಲ್ ಉದ್ದದ (ನಟ್ ಮತ್ತು ಬ್ರಿಡ್ಜ್ ನಡುವಿನ ಸ್ಟ್ರಿಂಗ್ ಉದ್ದ) ಗಿಟಾರ್‌ನಲ್ಲಿ ಈ ಜಾಗ 1 ಮಿ.ಮೀ. ಸರಿದರೆ ಮೊದಲ ಫ್ರೆಟ್‌ನಲ್ಲಿ 3 ಸೆಂಟ್ಸ್‌ನಷ್ಟು, ಹನ್ನೆರಡನೇ ಫ್ರೆಟ್‌ನಲ್ಲಿ 5 ಸೆಂಟ್ಸ್‌ನಷ್ಟು ವ್ಯತ್ಯಾಸ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ). ಟ್ಯೂನರ್‌ನಲ್ಲಿ ಓಪನ್ ಸ್ಟ್ರಿಂಗ್ (ಬೆರಳು ಒತ್ತದ ಸ್ಟ್ರಿಂಗ್) ಸರಿಯಾಗಿದ್ದು, ಕಾರ್ಡ್ ಹಿಡಿದಾಗ ಮಾತ್ರ ಏನೋ ಕಿರಿಕಿರಿ ಅನ್ನಿಸುತ್ತಿದ್ದರೆ ಇದೂ ಒಂದು ಕಾರಣ ಇರಬಹುದು.

ಮೈಸೂರಿನಲ್ಲಿ ಇದ್ದುಕೊಂಡು ವೀಣೆಯ ಮಾತು ಬಿಡುವುದು ಹೇಗೆ? ವೀಣೆಯ ಮೆಟ್ಟಿಲುಗಳೂ ಸವೆಯುತ್ತವೆ. ಗಮಕಕ್ಕೆ ತಂತಿ ಎಳೆದೂ ಎಳೆದೂ ಗೀರು ಬೀಳುತ್ತದೆ. ಆದರೆ ಅವು ಕೂತಿರುವುದು ಮೇಣದ ಮೇಲೆ. ಮೇಣ ಕಾಯಿಸಿ, ಮೆಟ್ಟಿಲನ್ನು ಎತ್ತಿಯೋ ಇಳಿಸಿಯೋ ಮತ್ತೆ ಮೇಳ ಕಟ್ಟಬಹುದು. ಗಿಟಾರ್ ಫ್ರೆಟ್ ಮರದೊಳಗೆ ಸೀಳಿದ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತದೆ. ಸವೆದದ್ದನ್ನು ಎತ್ತಲು ಆಗುವುದಿಲ್ಲ. ಒಂದು ಫ್ರೆಟ್ ತಗ್ಗಾದರೆ ಮಿಕ್ಕವನ್ನೆಲ್ಲ ಅದರ ಮಟ್ಟಕ್ಕೆ ಉಜ್ಜಿ ಇಳಿಸಬೇಕು, ಇಲ್ಲವೇ ಆ ಫ್ರೆಟ್ ಕಿತ್ತು ಹೊಸದು ಹಾಕಬೇಕು. ಮೂರನೇ ದಾರಿ ಇಲ್ಲ.

ಉಗುರು, ಕಾರ್ಡು, ಬೆಳಕು

ಸ್ಟ್ರಿಂಗ್‌ಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ. ಕಿಟಕಿಯ ಬೆಳಕಿಗೆ ಗಿಟಾರ್ ಅಡ್ಡ ಹಿಡಿದು ಫ್ರೆಟ್ ನೆತ್ತಿ ನೋಡಿ. ತಗ್ಗು ಇದ್ದ ಕಡೆ ಬೆಳಕಿನ ಗೆರೆ ಮುರಿಯುತ್ತದೆ. ಆಮೇಲೆ ಹೆಬ್ಬೆರಳ ಉಗುರನ್ನು ಫ್ರೆಟ್ ಉದ್ದಕ್ಕೂ ನಿಧಾನ ಎಳೆಯಿರಿ. ಉಗುರು ಜಾರಿದರೆ ಚಿಂತೆ ಇಲ್ಲ. ಟಕ್ ಅಂತ ಸಿಕ್ಕಿಕೊಂಡರೆ ಅಲ್ಲಿ ತಗ್ಗಿದೆ ಎಂದೇ ಅರ್ಥ. ಬೆಂಡ್ ಮಾಡುವಾಗ ಸ್ಟ್ರಿಂಗ್ ಸಿಕ್ಕಿಕೊಳ್ಳುವುದೂ ಇದೇ ಜಾಗದಲ್ಲಿ.

ಈಗ ಕಾರ್ಡು. ಎಟಿಎಂ ಕಾರ್ಡ್‌ನ ಉದ್ದದ ಅಂಚು 85.6 ಮಿ.ಮೀ., ಗಿಡ್ಡ ಅಂಚು 54 ಮಿ.ಮೀ. ನಿಲ್ಲಿಸಿ ಹಿಡಿದರೆ ಎರಡೂ ನೇರವಾಗಿ, ಗಟ್ಟಿಯಾಗಿ ನಿಲ್ಲುತ್ತವೆ. ಕಾರ್ಡ್ ಒಂದು ಸಲಕ್ಕೆ ಮೂರೇ ಫ್ರೆಟ್ ಮೇಲೆ ಕೂರಬೇಕು, ನಾಲ್ಕನೆಯದಕ್ಕೆ ತಾಗಬಾರದು. 648 ಮಿ.ಮೀ. ಸ್ಕೇಲ್‌ನಲ್ಲಿ ಮೊದಲ ಒಂಬತ್ತು ಫ್ರೆಟ್‌ಗೆ ಉದ್ದದ ಅಂಚು ಸರಿಹೋಗುತ್ತದೆ. ಅಲ್ಲಿಂದ ಹದಿನೇಳರವರೆಗೆ ಗಿಡ್ಡ ಅಂಚು. ಅದಕ್ಕೂ ಮೇಲೆ ಕಾರ್ಡನ್ನು ಕತ್ತರಿಸಿಕೊಳ್ಳಬೇಕು. ಹಳೇ ಕಾರ್ಡ್ ಅಂದದ್ದು ಅದಕ್ಕೇ.

ಮೂರು ಫ್ರೆಟ್ ಮೇಲೆ ಇಟ್ಟು ಎರಡೂ ತುದಿ ಮೆಲ್ಲಗೆ ಒತ್ತಿ. ಕಾರ್ಡು ಏತದ ಥರ ಆಡಿದರೆ ನಡುವಿನ ಫ್ರೆಟ್ ಎತ್ತರ, ಅಥವಾ ಪಕ್ಕದ್ದೊಂದು ತಗ್ಗು. ಯಾವುದು ಅಂತ ತಿಳಿಯುವುದು ಹೇಗೆ? ಕಾರ್ಡನ್ನು ಅಡ್ಡಕ್ಕೆ ಸರಿಸಿ. ಮೊದಲು ಸ್ಟ್ರಿಂಗ್ ಓಡುವ ಗೆರೆಯ ಮೇಲೆ ಇಟ್ಟು ನೋಡಿ, ಆಮೇಲೆ ಎರಡು ಸ್ಟ್ರಿಂಗ್ ನಡುವಿನ ಜಾಗದಲ್ಲಿ. ಸ್ಟ್ರಿಂಗ್ ಗೆರೆಯಲ್ಲಿ ಮಾತ್ರ ಆಡಿ, ನಡುವೆ ಗಟ್ಟಿಯಾಗಿ ಕೂತರೆ ಅದು ಸವೆತದ ತಗ್ಗು. ಎರಡೂ ಕಡೆ ಆಡಿದರೆ ಫ್ರೆಟ್ಟೇ ಮೇಲೆದ್ದಿದೆ. ಮೇಲೆದ್ದ ಫ್ರೆಟ್ ಅಂದರೆ ಸವೆತ ಅಲ್ಲ. ಫ್ರೆಟ್ ಮರದಿಂದ ಬಿಟ್ಟುಕೊಂಡಿರುತ್ತದೆ. ಅದನ್ನು ಮತ್ತೆ ಕೂರಿಸಿದರೆ ಮುಗಿಯಿತು, ಎಲ್ಲವನ್ನೂ ಉಜ್ಜಬೇಕಿಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ರಿಪೇರಿಯವರ ಹತ್ತಿರ ಸುಮ್ನೆ ಫುಲ್ ಲೆವೆಲಿಂಗ್ ದುಡ್ಡು ಕೊಡುವುದು ತಪ್ಪುತ್ತದೆ.

ತಗ್ಗು ಎಷ್ಟು ಆಳ ಇದ್ದರೆ ತೊಂದರೆ? ಬಹಳ ಬೇಡ. ಮೂರನೇ ಫ್ರೆಟ್ ಒತ್ತಿ ನುಡಿಸುವಾಗ ನಾಲ್ಕನೇ ಫ್ರೆಟ್ ಮೇಲೆ ಸ್ಟ್ರಿಂಗ್‌ಗೆ ಇರುವ ಜಾಗ ಎಷ್ಟು ಗೊತ್ತಾ? ಹನ್ನೆರಡನೇ ಫ್ರೆಟ್‌ನಲ್ಲಿ 1.6 ಮಿ.ಮೀ. ಎತ್ತರ ಇಟ್ಟ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ, ನೆಕ್ ನೇರ ಇದೆ ಅಂದುಕೊಂಡರೆ, ಸುಮಾರು 0.15 ಮಿ.ಮೀ. ಮಾಮೂಲಿ ಎ4 ಹಾಳೆಯ ದಪ್ಪ ಹತ್ತಿರ ಹತ್ತಿರ 0.1 ಮಿ.ಮೀ. ಅಂದರೆ ಒಂದು ಹಾಳೆ ದಪ್ಪದ ತಗ್ಗು ಬಿದ್ದರೂ ಅರ್ಧಕ್ಕಿಂತ ಜಾಸ್ತಿ ಜಾಗ ಹೋಯಿತು. ನೆಕ್ ಬಾಗು ಇದ್ದಾಗ ಸ್ವಲ್ಪ ಜಾಗ ಮತ್ತೆ ಸಿಗುತ್ತದೆ. ಗೇಜ್ ಬದಲಿಸಿದಾಗ ಆಗುವ ಎಡವಟ್ಟು ಇಲ್ಲೇ ಶುರು.

ತೆಳ್ಳಗಿನ ಸ್ಟ್ರಿಂಗ್ ಹಾಕಿದ ಮೇಲೆ ಝಿರ್ರ್ ಯಾಕೆ

ಒಬ್ಬಳು ಪಿಯುಸಿ ಹುಡುಗಿ ಅಣ್ಣನ ಹಳೇ ಎಲೆಕ್ಟ್ರಿಕ್ ಗಿಟಾರ್ ತಂದಿದ್ದಳು. ಅಣ್ಣ ನುಡಿಸುತ್ತಿದ್ದಾಗ 10ರ ಸೆಟ್ (ನಂಬರ್ ಚಿಕ್ಕದಾದಷ್ಟೂ ಸ್ಟ್ರಿಂಗ್ ತೆಳ್ಳಗೆ). ಬೆರಳು ನೋವು ಅಂತ ಇವಳು 9ರ ಸೆಟ್ ಹಾಕಿಸಿದ್ದಳು.

“ಸರ್, ಅಂಗಡಿಯವರು ಡೂಪ್ಲಿಕೇಟ್ ಸ್ಟ್ರಿಂಗ್ ಕೊಟ್ಟಿದ್ದಾರೆ ಅನ್ಸುತ್ತೆ. ಮೊದಲು ಚೆನ್ನಾಗಿತ್ತು, ಈಗ ಡಿ ಕಾರ್ಡ್ ಹಿಡಿದ್ರೆ ಝಿರ್ರ್ ಅನ್ನುತ್ತೆ.”

“ಕೊಡಮ್ಮ ಇಲ್ಲಿ. ಸ್ಟ್ರಿಂಗ್ ಬಿಡು, ಆ ಮೂರನೇ ಫ್ರೆಟ್ ಮೇಲೆ ಉಗುರು ಇಟ್ಟು ಎಳಿ ನೋಡೋಣ.”

ಉಗುರು ಸಿಕ್ಕಿಕೊಂಡಿತು, ಬಿ ಸ್ಟ್ರಿಂಗ್ ಕೆಳಗೇ. ಎಟಿಎಂ ಕಾರ್ಡು ಆ ಗೆರೆಯಲ್ಲಿ ಆಡಿತು, ಪಕ್ಕಕ್ಕೆ ಸರಿಸಿದರೆ ಅಲುಗಲಿಲ್ಲ. ತಗ್ಗು ಅಣ್ಣನ ಕಾಲದ್ದು. ಆಗ ಯಾಕೆ ಸದ್ದು ಮಾಡಲಿಲ್ಲ? ಯಾಕೆಂದರೆ 10ರ ಸೆಟ್ ನೆಕ್ ಅನ್ನು ಜಾಸ್ತಿ ಎಳೆದು ಹಿಡಿದಿತ್ತು. ನೆಕ್ ಮುಂದಕ್ಕೆ ಬಾಗಿತ್ತು, ತಗ್ಗಿನ ಮುಂದಿನ ಫ್ರೆಟ್ ಸ್ಟ್ರಿಂಗ್‌ನಿಂದ ದೂರ ಇತ್ತು. 9 ಹಾಕಿದ ಮೇಲೆ ಎಳೆತ ಕಡಿಮೆಯಾಯಿತು. ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ನೆಕ್ ಅನ್ನು ಹಿಂದಕ್ಕೆ ಎಳೆದು ನೇರ ಮಾಡಿತು. ಮುಚ್ಚಿಕೊಂಡಿದ್ದ ತಗ್ಗು ಬಾಯಿಬಿಟ್ಟಿತು, ಅಷ್ಟೆ. ಟ್ರಸ್ ರಾಡ್ ಸ್ವಲ್ಪ ಸಡಿಲಿಸಿದೆ, ಝಿರ್ರ್ ಮುಕ್ಕಾಲು ಪಾಲು ಹೋಯಿತು. ಮಿಕ್ಕದ್ದಕ್ಕೆ ಫ್ರೆಟ್ ಕೆಲಸವೇ ಆಗಬೇಕು ಅಂತ ಹೇಳಿ ಕಳಿಸಿದೆ.

ಎಳೆತದ ಲೆಕ್ಕ ಸುಲಭ. ಸೆಟ್ ಮೇಲೆ ಬರೆದಿರುವ 9, 10, 12 ಅನ್ನುವುದು ಅತಿ ತೆಳ್ಳಗಿನ ಸ್ಟ್ರಿಂಗ್‌ನ ದಪ್ಪ, ಇಂಚಿನ ಸಾವಿರದ ಒಂದು ಭಾಗದಲ್ಲಿ. 10 ಅಂದರೆ 0.254 ಮಿ.ಮೀ. ಸುತ್ತಿಲ್ಲದ ಸ್ಟ್ರಿಂಗ್‌ನಲ್ಲಿ, ಅದೇ ಶ್ರುತಿಗೆ ಬೇಕಾದ ಎಳೆತ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 9ರಿಂದ 10ಕ್ಕೆ ಹೋದರೆ ದಪ್ಪ 11 ಪರ್ಸೆಂಟ್ ಏರಿತು, ಎಳೆತ 23 ಪರ್ಸೆಂಟ್. 648 ಮಿ.ಮೀ. ಸ್ಕೇಲ್‌ನಲ್ಲಿ 9ರ ಇ ಸ್ಟ್ರಿಂಗ್ ಸುಮಾರು 6 ಕೆ.ಜಿ. ಎಳೆಯುತ್ತದೆ. 10 ಆದರೆ 7.3 ಕೆ.ಜಿ., 11 ಆದರೆ 8.9, 12 ಆದರೆ 10.6 ಕೆ.ಜಿ. ಇದು ಒಂದೇ ಸ್ಟ್ರಿಂಗ್‌ನ ಲೆಕ್ಕ. ಆರೂ ಸೇರಿದರೆ ನೆಕ್ ಎಷ್ಟು ಹೊರುತ್ತಿದೆ ಅಂತ ನೀವೇ ಊಹಿಸಿ.

ಸ್ಕೇಲ್ ಉದ್ದವೂ ಇದರಲ್ಲಿ ಪಾಲುದಾರ. ಫೆಂಡರ್ ಸ್ಟ್ರಾಟೊಕಾಸ್ಟರ್ 25.5 ಇಂಚು, ಅಂದರೆ 648 ಮಿ.ಮೀ. ಗಿಬ್ಸನ್ ಲೆಸ್ ಪಾಲ್ ಹೆಸರಿಗೆ 24.75 ಇಂಚು, ಸುಮಾರು 629 ಮಿ.ಮೀ. ಅದೇ ಸೆಟ್ ಗಿಬ್ಸನ್ ಮೇಲೆ ಸುಮಾರು 6 ಪರ್ಸೆಂಟ್ ಸಡಿಲ ಅನ್ನಿಸುತ್ತದೆ. ಸ್ನೇಹಿತನ ಗಿಟಾರ್‌ನಲ್ಲಿ 10 ಬೆಣ್ಣೆ ಥರ ಇತ್ತು, ನನ್ನದರಲ್ಲಿ ಕಲ್ಲು ಅನ್ನುವವರು ಮೊದಲು ಎರಡರ ಸ್ಕೇಲ್ ಅಳೆದು ನೋಡಿ.

ನಟ್: ಎಫ್ ಕಾರ್ಡ್‌ನ ನಿಜವಾದ ವಿಲನ್

ಬೆರಳು ನೋವು ಅಂತ ಬರುವ ಹೊಸಬರಲ್ಲಿ ಜಾಸ್ತಿ ಜನಕ್ಕೆ ತೊಂದರೆ ಇರುವುದು ಗೇಜ್‌ನಲ್ಲಿ ಅಲ್ಲ, ನಟ್‌ನಲ್ಲಿ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ನಟ್ ಎತ್ತರವಾಗಿಯೇ ಬಿಟ್ಟಿರುವುದು ಮಾಮೂಲಿ. ಹಾಗೆ ಬಿಟ್ಟರೆ ಝಿರ್ರ್ ಅನ್ನುವುದಿಲ್ಲ, ಕಂಪ್ಲೇಂಟ್ ಬರುವುದಿಲ್ಲ. ಆದರೆ ಮೊದಲ ಫ್ರೆಟ್‌ನಲ್ಲಿ ಎಫ್ ಕಾರ್ಡ್ ಹಿಡಿಯುವಾಗ ಪ್ರಾಣ ಹೋಗುತ್ತದೆ, ಅಲ್ವಾ?

ಪರೀಕ್ಷೆ ಇದು. ಸ್ಟ್ರಿಂಗ್ ಅನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಮೊದಲ ಫ್ರೆಟ್ ಮತ್ತು ಸ್ಟ್ರಿಂಗ್ ನಡುವೆ ಎ4 ಹಾಳೆಯ ತುಂಡು ತೂರಿಸಿ. ಚೂರು ತಾಗುತ್ತಾ ಹೋದರೆ ನಟ್ ಸರಿ ಇದೆ. ಮೂರು ನಾಲ್ಕು ಮಡಿಕೆ ಹಾಕಿದರೂ ಸರಾಗ ಹೋಗುತ್ತದೆ ಅಂದರೆ ನಟ್ ಎತ್ತರ. ಹಾಳೆ ಹೋಗುವುದೇ ಇಲ್ಲ, ಸ್ಟ್ರಿಂಗ್ ಫ್ರೆಟ್‌ಗೆ ಅಂಟಿ ಕೂತಿದೆ ಅಂದರೆ ನಟ್ ತಗ್ಗು. ಆಗ ಓಪನ್ ಸ್ಟ್ರಿಂಗ್ ಝಿರ್ರ್ ಅನ್ನುತ್ತದೆ, ಬೆರಳಿಟ್ಟ ತಕ್ಷಣ ಸರಿಹೋಗುತ್ತದೆ. ನಟ್ ಕಂಡಿ ಆಳ ಮಾಡುವುದು ನುರಿತವರ ಕೆಲಸ. ಸ್ಟ್ರಿಂಗ್ ದಪ್ಪಕ್ಕೆ ಸರಿಯಾದ ಫೈಲ್ ಬೇಕು, ಒಂದು ಉಜ್ಜು ಜಾಸ್ತಿಯಾದರೆ ಹೊಸ ನಟ್ಟೇ ಗತಿ. ಮಾಡಿಸಿಕೊಂಡು ಬನ್ನಿ. ಇದೊಂದು ಕೆಲಸ ಆದಮೇಲೆ ‘12ರ ಸೆಟ್ಟೇ ಸಾಕು ಸರ್’ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ವಿಷಯ. ದಪ್ಪ ಸೆಟ್‌ಗೆ ಹೋಗುವವರಿಗೆ ನಟ್ ಕಂಡಿ ಕಿರಿದಾಗುತ್ತದೆ. ಟ್ಯೂನ್ ಮಾಡುವಾಗ ಟಿಂಗ್ ಅಂತ ಸದ್ದು ಬಂದು ಸ್ವರ ಒಮ್ಮೆಗೇ ಹಾರಿದರೆ ಸ್ಟ್ರಿಂಗ್ ಕಂಡಿಯಲ್ಲಿ ಸಿಕ್ಕಿಕೊಂಡಿದೆ. ಪೆನ್ಸಿಲ್ ಸೀಸದ ಪುಡಿ ಸವರಿದರೆ ಸದ್ಯಕ್ಕೆ ಜಾರುತ್ತದೆ. ಪೂರ್ತಿ ಹೋಗಬೇಕಾದರೆ ಕಂಡಿ ಅಗಲ ಮಾಡಿಸಬೇಕು.

ನೆಕ್ ಬಾಗು ಮತ್ತು ಎತ್ತರ

ಸ್ಟ್ರಿಂಗ್ ಟ್ಯೂನ್ ಆಗಿರಲಿ. ಮೊದಲ ಫ್ರೆಟ್‌ಗೆ ಕ್ಯಾಪೋ ಹಾಕಿ. ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲಿ, ಅಂದರೆ ಅಕೌಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಹದಿನಾಲ್ಕು, ದಪ್ಪ ಇ ಸ್ಟ್ರಿಂಗ್ ಒತ್ತಿ. ಏಳನೇ ಫ್ರೆಟ್ ಮೇಲೆ ಎಷ್ಟು ಜಾಗ ಇದೆ ನೋಡಿ. 0.2ರಿಂದ 0.25 ಮಿ.ಮೀ. ಇದ್ದರೆ ಚೆನ್ನ. ಫೀಲರ್ ಗೇಜ್ ಇಲ್ಲದಿದ್ದರೆ ಎರಡು ಎ4 ಹಾಳೆ ಒಟ್ಟಿಗೆ ತೂರಿಸಿ. ಜಾಗವೇ ಇಲ್ಲದಿದ್ದರೆ ಟ್ರಸ್ ರಾಡ್ ಅನ್ನು ಎಡಕ್ಕೆ, ಅಂದರೆ ಗಡಿಯಾರಕ್ಕೆ ಎದುರಾಗಿ, ಸಡಿಲಿಸಿ. ಜಾಸ್ತಿ ಇದ್ದರೆ ಬಲಕ್ಕೆ ಬಿಗಿ ಮಾಡಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಅಷ್ಟೇ. ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ಅಲೆನ್ ಕೀ ತಿರುಗಲು ಹಠ ಮಾಡಿದರೆ ನೀವು ಹಠ ಮಾಡಬೇಡಿ. ನಿಲ್ಲಿಸಿ, ಗೊತ್ತಿರುವವರಿಗೆ ತೋರಿಸಿ.

ಆಮೇಲೆ ಕ್ಯಾಪೋ ತೆಗೆದು ಹನ್ನೆರಡನೇ ಫ್ರೆಟ್ ಮೇಲಿನ ಎತ್ತರ. ನಾನು ಎಲೆಕ್ಟ್ರಿಕ್‌ನಲ್ಲಿ ತೆಳ್ಳಗಿನ ಕಡೆ 1.6, ದಪ್ಪ ಕಡೆ 2 ಮಿ.ಮೀ. ಇಡುತ್ತೇನೆ. ಅಕೌಸ್ಟಿಕ್‌ನಲ್ಲಿ 2 ಮತ್ತು 2.5. ಫ್ರೆಟ್ ಸವೆದ ಗಿಟಾರ್‌ನಲ್ಲಿ ಈ ಅಂಕಿ ಸಿಗುವುದಿಲ್ಲ. ಝಿರ್ರ್ ತಪ್ಪಿಸಲು ಎತ್ತರ ಏರಿಸುತ್ತಾ ಹೋಗುತ್ತೀರಿ, ಕೈಗೆ ಭಾರವಾಗುತ್ತಾ ಹೋಗುತ್ತದೆ. ಸವೆತ ಕೈಗೆ ಗೊತ್ತಾಗುವುದು ಹೀಗೆ ಸುತ್ತುಬಳಸಿ.

ಹಳೇ ಮಾದರಿಯ ಟ್ರೆಮೊಲೊ ಬ್ರಿಡ್ಜ್ (ಸ್ಪ್ರಿಂಗ್ ಬಲದಲ್ಲಿ ಆಡುವ ಬ್ರಿಡ್ಜ್) ಇರುವವರಿಗೆ ಒಂದು ಮಾತು. ಗೇಜ್ ಇಳಿಸಿದರೆ ಹಿಂದಿನ ಸ್ಪ್ರಿಂಗ್ ಗೆದ್ದು ಬ್ರಿಡ್ಜ್ ಕೆಳಗೆ ಕೂರುತ್ತದೆ, ಸ್ಟ್ರಿಂಗ್ ಎತ್ತರ ತಾನಾಗಿಯೇ ಇಳಿಯುತ್ತದೆ. ಮೊದಲು ಸ್ಪ್ರಿಂಗ್ ಸರಿಮಾಡಿ, ಆಮೇಲೆ ಮಿಕ್ಕದ್ದು ಅಳೆಯಿರಿ.

ಹಾಗಾದರೆ ಯಾವ ಗೇಜ್

ಇದಕ್ಕೆ ಒಂದೇ ಉತ್ತರ ಇಲ್ಲ ಅನ್ನುವುದಕ್ಕೆ ದೊಡ್ಡವರೇ ಸಾಕ್ಷಿ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರಂಥ ದಪ್ಪ ಸ್ಟ್ರಿಂಗ್ ಹಾಕಿ, ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು. ಜೀಜೀ ಟಾಪ್ ಬ್ಯಾಂಡ್‌ನ ಬಿಲ್ಲಿ ಗಿಬ್ಬನ್ಸ್ 7ರ ಸೆಟ್. ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ ಟೋನಿ ಅಯೋಮಿ 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡ ಮೇಲೆ ತೆಳ್ಳಗಿನ ತಂತಿ ಬೇಕೇ ಬೇಕಾಯಿತು, ಬ್ಯಾಂಜೊ ಸ್ಟ್ರಿಂಗ್ ತಂದು ಗಿಟಾರ್‌ಗೆ ಹಾಕಿದರು. ಆ ಕಾಲದಲ್ಲಿ ಬೇರೆಯವರೂ ಹೀಗೆ ಬ್ಯಾಂಜೊ ಸ್ಟ್ರಿಂಗ್ ಸೇರಿಸಿಕೊಳ್ಳುತ್ತಿದ್ದರು. ತೆಳ್ಳಗಿನ ಸೆಟ್‌ಗೆ ಬೇಡಿಕೆ ಇದೆ ಅಂತ ಕಂಡುಕೊಂಡು ಅರ್ನಿ ಬಾಲ್ 1962ರಲ್ಲಿ ಸ್ಲಿಂಕಿ ಸೆಟ್ ತಂದರು.

ನನ್ನ ಸಲಹೆ ನಿಮ್ಮ ಫ್ರೆಟ್ ನೋಡಿ ಹೇಳುವಂಥದ್ದು. ಮೊದಲು ಎತ್ತರ ತಿಳಿದುಕೊಳ್ಳಿ. ಪಿಯುಸಿ ಫಿಸಿಕ್ಸ್ ಲ್ಯಾಬ್‌ನಲ್ಲಿ ಹಿಡಿದಿದ್ದ ವರ್ನಿಯರ್ ನೆನಪಿದೆಯಾ? ಅದರ ಹಿಂದಿನ ಕಡ್ಡಿಯಿಂದ ಫ್ರೆಟ್ ನೆತ್ತಿಯಿಂದ ಮರದವರೆಗೆ ಅಳೆಯಿರಿ. ಹಳೇ ಫೆಂಡರ್ ಮಾದರಿಯ ಸಣ್ಣ ಫ್ರೆಟ್ ಹೊಸದರಲ್ಲಿ ಸುಮಾರು 1.1 ಮಿ.ಮೀ. ಇರುತ್ತದೆ, ಜಂಬೋ ಸುಮಾರು 1.4. ಅಳತೆ 0.7ರ ಕೆಳಗೆ ಬಂದಿದ್ದರೆ ಬೆರಳು ಮರಕ್ಕೆ ತಾಗುತ್ತಿರುತ್ತದೆ. ಬೆಂಡ್ ಮಾಡುವಾಗ ಸ್ಟ್ರಿಂಗ್ ಬೆರಳ ಕೆಳಗಿಂದ ಜಾರುತ್ತದೆ, ಚರ್ಮ ಮರದ ಮೇಲೆ ಎಳೆಯುತ್ತದೆ. ಇಂಥ ಗಿಟಾರ್‌ನಲ್ಲಿ 11 ಹಾಕಿಕೊಂಡು ಬೆಂಡ್ ಮಾಡುವುದು ಕೈಗೆ ಕೊಡುವ ಶಿಕ್ಷೆ. ರಿಫ್ರೆಟ್ (ಹೊಸ ಫ್ರೆಟ್ ಹಾಕಿಸುವುದು) ಆಗುವವರೆಗೆ ಒಂದು ನಂಬರ್ ಇಳಿಸಿ, ಆದರೆ ನೆಕ್ ಬಾಗು ಸರಿಮಾಡಿಕೊಂಡು.

ಉಲ್ಟಾ ಕೂಡ ಇದೆ. ಹೊಸ ಎತ್ತರದ ಫ್ರೆಟ್, ಅದರ ಮೇಲೆ 9ರ ಸೆಟ್, ಮೇಲಿಂದ ಗಟ್ಟಿ ಒತ್ತುವ ಕೈ. ಸ್ಟ್ರಿಂಗ್ ಫ್ರೆಟ್‌ಗಳ ನಡುವೆ ಕೆಳಗೆ ಜಗ್ಗುತ್ತದೆ, ಪ್ರತಿ ಸ್ವರವೂ ಚೂರು ಏರುತ್ತದೆ. ಟ್ಯೂನರ್ ಸರಿ, ಗಿಟಾರ್ ಸರಿ, ಹಾಡು ಮಾತ್ರ ಅಪಶ್ರುತಿ. ಅಂಥವರಿಗೆ ನಾನು 10 ಹಾಕಿಸುತ್ತೇನೆ. ದಪ್ಪ ಸ್ಟ್ರಿಂಗ್ ಸುಲಭಕ್ಕೆ ಜಗ್ಗುವುದಿಲ್ಲ. ಇಲ್ಲದಿದ್ದರೆ ಕೈ ಹಗುರ ಮಾಡುವುದನ್ನು ಕಲಿಯಬೇಕು, ಅದಕ್ಕೆ ಸಮಯ ಬೇಕು.

ಅಕೌಸ್ಟಿಕ್ ಹೊಸಬರಿಗೆ 11-52 ಸೆಟ್ (ಅತಿ ತೆಳ್ಳಗಿನ ಸ್ಟ್ರಿಂಗ್ 11, ಅತಿ ದಪ್ಪದ್ದು 52) ನನ್ನ ಆಯ್ಕೆ. 12-53ಕ್ಕಿಂತ ಸದ್ದು ಚೂರು ಕಡಿಮೆ, ಕೈಗೆ ಬಹಳ ಆರಾಮ. 10-47 ಇನ್ನೂ ಮೆತ್ತಗೆ, ಆದರೆ ಜೋರಾಗಿ ಸ್ಟ್ರಮ್ ಮಾಡುವವರಿಗೆ ಬೇಡ. ಸ್ಟ್ರಿಂಗ್ ಅಗಲವಾಗಿ ಆಡಿ ಫ್ರೆಟ್‌ಗೆ ಬಡಿಯುತ್ತದೆ, ಸವೆದ ಫ್ರೆಟ್ ಇದ್ದರಂತೂ ಕೇಳುವುದೇ ಬೇಡ. 13ಕ್ಕೆ ಹೋಗುವ ಮುಂಚೆ ಬ್ರಿಡ್ಜ್ ಹಿಂದೆ ಬಾಡಿ ಉಬ್ಬಿದೆಯಾ, ಬ್ರಿಡ್ಜ್ ಅಂಚಿನಲ್ಲಿ ಹಾಳೆ ತೂರುತ್ತದೆಯಾ ನೋಡಿ. ತೂರಿದರೆ ಬ್ರಿಡ್ಜ್ ಬಿಟ್ಟುಕೊಳ್ಳುತ್ತಿದೆ, 13ರ ಆಸೆ ಬಿಡಿ. ಎಲೆಕ್ಟ್ರಿಕ್‌ನಲ್ಲಿ ಗಮಕ ಹಾಕಿ ಕರ್ನಾಟಕ ಸಂಗೀತ ನುಡಿಸುವವರು 9ರಿಂದ ಶುರು ಮಾಡಿ. ಒಂದೇ ಫ್ರೆಟ್‌ನಲ್ಲಿ ಎರಡು ಮೂರು ಸ್ವರ ಎಳೆಯಬೇಕಲ್ಲ. ಆದರೆ ಇವರ ಫ್ರೆಟ್ ಬೇಗ ಚಪ್ಪಟೆಯಾಗುತ್ತದೆ, ಅದಕ್ಕೆ ತಯಾರಿರಿ. ಇನ್ನು ನೈಲಾನ್ ಸ್ಟ್ರಿಂಗ್‌ನ ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ಸ್ಟ್ರಿಂಗ್ ಹಾಕಬೇಡಿ. ಯಾವ ಗೇಜ್ ಆದರೂ ಹಾಕಬೇಡಿ. ಬ್ರಿಡ್ಜ್ ಕಿತ್ತು ಕೈಗೆ ಬರುತ್ತದೆ.

ಸವೆತ ನಿಧಾನ ಮಾಡುವುದು

ನುಡಿಸಿದ ಮೇಲೆ ಸ್ಟ್ರಿಂಗ್ ಒರೆಸಿ. ಹಳೇ ಬನಿಯನ್ ಬಟ್ಟೆ ಸಾಕು. ತುಕ್ಕು ಹಿಡಿದ ಸ್ಟ್ರಿಂಗ್ ಫ್ರೆಟ್ ಮೇಲೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಬೆವರೂ ಜಾಸ್ತಿ, ಗಾಳಿಯಲ್ಲಿ ಉಪ್ಪೂ ಇರುತ್ತದೆ. ಅವರು ಎಲಿಕ್ಸಿರ್ ಥರದ ಕೋಟಿಂಗ್ ಇರುವ ಸ್ಟ್ರಿಂಗ್‌ಗೆ ಜಾಸ್ತಿ ದುಡ್ಡು ಕೊಟ್ಟರೆ ನಷ್ಟ ಇಲ್ಲ. ಕ್ಯಾಪೋ ಅನ್ನು ಸ್ವರ ಸ್ವಚ್ಛ ಬರುವಷ್ಟು ಮಾತ್ರ ಬಿಗಿ ಮಾಡಿ. ಪಾಠ ಮುಗಿದ ಮೇಲೆ ಎರಡನೇ ಫ್ರೆಟ್‌ನಲ್ಲೇ ಕಚ್ಚಿಸಿ ಇಡಬೇಡಿ.

ಒಳನಾಡಿನವರಿಗೆ ಬೇಸಿಗೆಯದ್ದು ಬೇರೆ ಕಾಟ. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿ ಫ್ರೆಟ್‌ಬೋರ್ಡ್ ಕುಗ್ಗುತ್ತದೆ. ಲೋಹ ಕುಗ್ಗುವುದಿಲ್ಲ. ಫ್ರೆಟ್ ತುದಿ ಹೊರಗೆ ಚಾಚಿ ಅಂಗೈಗೆ ಗೀರುತ್ತದೆ. ಬಹಳ ಗಿಟಾರ್‌ಗಳ ಫ್ರೆಟ್‌ಬೋರ್ಡ್ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಮರದ್ದೇ. ಒಳ್ಳೇ ಮರ, ಆದರೂ ಒಣಗಿದರೆ ಕುಗ್ಗುವುದೇ. ಗಿಟಾರ್ ಅನ್ನು ಕೇಸ್‌ನಲ್ಲಿಡಿ, ಜೊತೆಗೆ ತೂತು ಮಾಡಿದ ಸೋಪ್ ಡಬ್ಬಿಯಲ್ಲಿ ಹಿಂಡಿದ ಸ್ಪಂಜ್ ಇಡಿ. ಕೊಬ್ಬರಿ ಎಣ್ಣೆ ಮಾತ್ರ ಸವರಬೇಡಿ. ಕೆಲವು ತಿಂಗಳಿಗೆ ಕಮಟು ವಾಸನೆ ಬಂದು, ಧೂಳು ಅಂಟಿ, ಅದನ್ನು ಕೆರೆದು ತೆಗೆಯುವ ಕೆಲಸ ನನ್ನಂಥವರಿಗೆ ಬೀಳುತ್ತದೆ.

ಮೇಲ್ಮೈ ಒರಟಾಗಿ ಬೆಂಡ್‌ನಲ್ಲಿ ಕರಕರ ಅನ್ನುತ್ತಿದ್ದರೆ ಪಾಲಿಶ್ ನೀವೇ ಮಾಡಬಹುದು. ಮರಕ್ಕೆಲ್ಲ ಮಾಸ್ಕಿಂಗ್ ಟೇಪ್ ಹಾಕಿ. 1500, ಆಮೇಲೆ 2000 ನಂಬರ್ ಎಮರಿ ಪೇಪರ್‌ನಲ್ಲಿ ಫ್ರೆಟ್ ಉದ್ದಕ್ಕೂ ಹಗುರವಾಗಿ ಉಜ್ಜಿ, ಕೊನೆಗೆ ಬಟ್ಟೆಗೆ ಒಂದು ಹನಿ ಬ್ರಾಸೋ. ಎಲೆಕ್ಟ್ರಿಕ್ ಗಿಟಾರ್ ಹತ್ತಿರ ಸ್ಟೀಲ್ ವೂಲ್ ತರಬೇಡಿ. ಅದರ ಪುಡಿ ಪಿಕಪ್‌ನ ಅಯಸ್ಕಾಂತಕ್ಕೆ ಅಂಟಿದರೆ ತೆಗೆಯುವುದು ಕಷ್ಟ. ಲೆವೆಲಿಂಗ್ ಮಾತ್ರ ಮನೆಯಲ್ಲಿ ಬೇಡ. ನೇರವಾದ ಬೀಮ್ ಬೇಕು, ಮತ್ತೆ ಗುಂಡು ತಲೆ ಕೊಡುವ ಫೈಲ್ ಬೇಕು, ಕೈ ಪಳಗಿರಬೇಕು.

ರಿಪೇರಿಗೆ ಕೊಡುವ ಮುಂಚೆ ಕೇಳಬೇಕಾದ್ದು ಇಷ್ಟು. ತಗ್ಗು ಮೊದಲ ಐದು ಫ್ರೆಟ್‌ನಲ್ಲಿ ಮಾತ್ರ ಇದ್ದರೆ ‘ಅಷ್ಟನ್ನೇ ಬದಲಿಸಿ ಕೊಡುತ್ತೀರಾ’ ಅಂತ ಕೇಳಿ. ಎಲ್ಲವನ್ನೂ ಇಳಿಸುವುದಕ್ಕಿಂತ ಅದು ಎಷ್ಟೋ ಸಲ ಮೇಲು, ಉಳಿದ ಫ್ರೆಟ್‌ನ ಎತ್ತರ ಉಳಿಯುತ್ತದೆ. ಲೆವೆಲ್ ಮಾಡಿದ ಮೇಲೆ ಎಷ್ಟು ಎತ್ತರ ಉಳಿಯುತ್ತದೆ ಅಂತ ಮಿಲಿಮೀಟರ್‌ನಲ್ಲಿ ಹೇಳಿಸಿ. ಕಡಿಮೆ ಬೆಲೆಯ ಗಿಟಾರ್ ಆದರೆ ಫುಲ್ ರಿಫ್ರೆಟ್ ಖರ್ಚು ಗಿಟಾರ್ ಬೆಲೆಯನ್ನೇ ದಾಟಬಹುದು, ಆಗ ಲೆವೆಲಿಂಗ್‌ಗೇ ನಿಲ್ಲಿಸಿ. ಮತ್ತೆ, ನೀವು ದಿನಾ ಹಾಕುವ ಗೇಜ್‌ನ ಹೊಸ ಸೆಟ್ ಒಂದನ್ನು ಗಿಟಾರ್ ಜೊತೆಗೇ ಕೊಟ್ಟು ಬನ್ನಿ. ಅವರ ಹತ್ತಿರ ಇರುವ 10 ಹಾಕಿ ಸೆಟಪ್ ಮಾಡಿ, ನೀವು ಮನೆಗೆ ಬಂದು 9 ಹಾಕಿದರೆ ನೆಕ್ ಮತ್ತೆ ನೇರವಾಗುತ್ತದೆ, ಟ್ರಸ್ ರಾಡ್ ಕೆಲಸ ಮೊದಲಿಂದ ಮಾಡಬೇಕಾಗುತ್ತದೆ.